ಸನ್ಯಾಸಿ ಏಡಿ ಮರಳಿನಡಿ ಸೇರಿದರೆ ಅಗೆಯಬೇಡಿ

ಖಾಲಿ ಶಂಖದ ಚಿಪ್ಪಿನೊಳಗೆ ಬದುಕುವ, ಕೆಲವರು ಮನೆಯಲ್ಲಿ ಸಾಕುವ ನೆಲದ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಉಸಿರಾಡುವುದು ಒದ್ದೆ ಕಿವಿರಿನಿಂದ. ಗಾಜಿನ ತೊಟ್ಟಿಯೊಳಗೆ ತೇವಾಂಶ ಶೇ. 75ಕ್ಕಿಂತ ಇಳಿದರೆ ನಿಧಾನವಾಗಿ ಉಸಿರುಗಟ್ಟುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ತೊಂದರೆಯಿಲ್ಲ. ಎಸಿ ಕೋಣೆಯಲ್ಲಿಟ್ಟರೆ ಕತೆ ಮುಗಿಯಿತು. ಮೇಲೆ ಗಾಜಿನ ಮುಚ್ಚಳ ಇರಲಿ, ಬರೀ ಜಾಲರಿ ಸಾಲದು.

ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಹುಡಿ ಬೆರೆಸಿ, ಕನಿಷ್ಠ 15 ಸೆಂ.ಮೀ. ಆಳ ತುಂಬಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಪೊರೆ ಕಳಚಲು ಏಡಿ ಇದರೊಳಗೆ ಒಂದೆರಡು ತಿಂಗಳು ಹೂತಿರುತ್ತದೆ. ಸತ್ತಿತೆಂದು ಅಗೆದರೆ ಆ ಮೆತ್ತನೆಯ ಮೈಗೆ ಏಟಾಗಿ ನಿಜವಾಗಿಯೂ ಸಾಯುತ್ತದೆ. ಮೇಲೆ ಟೊಳ್ಳು ಕಾಲುಗಳು ಸಿಕ್ಕಿದರೆ ಅದು ಪೊರೆ. ಎಸೆಯಬೇಡಿ, ಏಡಿಯೇ ತಿನ್ನುತ್ತದೆ. ಕೊಳೆತ ಮೀನಿನ ನಾತ ಬಂದರೆ ಮಾತ್ರ ನೋಡಿ.

ನೀರಿನ ಬಟ್ಟಲು ಎರಡು ಬೇಕು: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಬಾವಿ ನೀರಾದರೆ ಒಳ್ಳೆಯದೇ, ಆದರೆ ಕ್ಲೋರಿನ್ ಹಾಕಿದ ಕೂಡಲೇ ಕೊಡಬೇಡಿ. ಉಪ್ಪುನೀರಿಗೆ ಅಡುಗೆ ಉಪ್ಪು ಬೇಡ. ಅಕ್ವೇರಿಯಂನ ಸಮುದ್ರ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಏಡಿಯೊಂದಕ್ಕೆ ಬಣ್ಣ ಬಳಿಯದ ಮೂರು ನಾಲ್ಕು ಚಿಪ್ಪು ಬೇಕು, ಈಗಿನದಕ್ಕಿಂತ ತುಸು ದೊಡ್ಡವು. ಇಲ್ಲದಿದ್ದರೆ ಒಂದರ ಚಿಪ್ಪಿಗೆ ಇನ್ನೊಂದು ಜಗಳ ತೆಗೆಯುತ್ತದೆ.

ಇದರ ಮರಿಗಳು ಮೊದಲು ಬೆಳೆಯುವುದು ಕಡಲಲ್ಲಿ, ಹಾಗಾಗಿ ಮಾರಾಟಕ್ಕೆ ಬರುವುದು ಹೆಚ್ಚುಕಡಿಮೆ ಎಲ್ಲವೂ ಪ್ರಕೃತಿಯಿಂದ ಹಿಡಿದವೇ. ಕಡಲತೀರದಲ್ಲಿ ಕಂಡರೆ ಅಲ್ಲೇ ಬಿಡಿ, ಖಾಲಿ ಶಂಖವನ್ನೂ.