ಅಜ್ಜಿಯ ನಿಮಿಷ, ಮೊಮ್ಮಗನ ನಿಮಿಷ: ಮನೆಯಲ್ಲೇ ಅಳೆಯುವ ಬಗೆ

ವಯಸ್ಸಾದ ಹಾಗೆಲ್ಲ ಕಾಲ ಓಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತಿನೊಳಗೆ ಎರಡು ಬೇರೆ ಸಂಗತಿಗಳಿವೆ. ಈಗ ಕಳೆಯುತ್ತಿರುವ ನಿಮಿಷ ಎಷ್ಟು ಉದ್ದ ಅನ್ನಿಸುತ್ತದೆ ಎಂಬುದು ಬೇರೆ, ಕಳೆದುಹೋದ ವರ್ಷಗಳು ಹಿಂತಿರುಗಿ ನೋಡಿದರೆ ಎಷ್ಟು ಉದ್ದ ಕಾಣುತ್ತವೆ ಎಂಬುದು ಬೇರೆ. ಎರಡನ್ನೂ ಒಟ್ಟಿಗೆ ಕೇಳಿದರೆ ಉತ್ತರ ಕಲಸುಮೇಲೋಗರ. ನಾನು ಬೇರೆ ಬೇರೆಯಾಗಿಯೇ ಅಳೆಯುತ್ತೇನೆ.

ನಿಮಿಷಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಗೋಡೆ ಗಡಿಯಾರವನ್ನು ಬೇರೆ ಕೋಣೆಗೆ ಸಾಗಿಸಿ. ಅದರ ಮುಖಕ್ಕಿಂತ ಟಿಕ್‌ಟಿಕ್ ಶಬ್ದವೇ ಹೆಚ್ಚು ಕೆಡಿಸುತ್ತದೆ. ಕಟಕಟ ಅನ್ನುವ ಫ್ಯಾನನ್ನೂ ಆರಿಸಿ. ಜ್ವರ ಇದ್ದರೆ ಆ ದಿನ ಬೇಡ. ಮೈ ಬಿಸಿಯಾದರೆ ಒಳಗಿನ ಎಣಿಕೆ ಬೇಗ ಓಡುತ್ತದೆ ಎಂದು ಅಮೆರಿಕದ ಶರೀರವಿಜ್ಞಾನಿ ಹಡ್ಸನ್ ಹೋಗ್ಲಂಡ್ 1933ರಲ್ಲೇ ಬರೆದಿದ್ದರು. ಔಷಧಿ ತರಲು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದದ್ದಕ್ಕೆ, ಜ್ವರದಲ್ಲಿ ಮಲಗಿದ್ದ ಅವರ ಹೆಂಡತಿ ‘ಎಷ್ಟು ಹೊತ್ತು ಮಾಡಿದಿರಿ’ ಎಂದು ದೂರಿದ್ದೇ ಅದಕ್ಕೆ ಮೂಲ.

ನಾನು ‘ಶುರು’ ಅನ್ನುತ್ತೇನೆ; ಒಂದು ನಿಮಿಷ ಆಯಿತು ಅನ್ನಿಸಿದಾಗ ಅವರು ‘ಆಯ್ತು’ ಅನ್ನಬೇಕು. ಕಿವಿ ಮಂದವಾದವರಿಗೆ ಮಣಿಕಟ್ಟಿನ ಮೇಲೆ ತಟ್ಟಿ ಶುರು ಮಾಡುವುದು ಒಳ್ಳೆಯದು. 30, 60, 90 ಸೆಕೆಂಡು, ಒಂದೊಂದನ್ನೂ ಮೂರು ಸಲ, ಕ್ರಮ ಕಲಸಿ. ಮೂರರಲ್ಲಿ ನಡುವಿನದನ್ನು ಬರೆದುಕೊಳ್ಳಿ. ಸರಾಸರಿ ಬೇಡ, ಯಾರಾದರೂ ಒಮ್ಮೆ ತೂಕಡಿಸಿದರೂ ಅದು ಕೆಡುತ್ತದೆ. ಮಕ್ಕಳು ಪ್ರತಿ ಸಲವೂ ‘ಎಷ್ಟಾಯ್ತು?’ ಅನ್ನುತ್ತಾರೆ. ಕೊನೆಯವರೆಗೂ ಹೇಳಬಾರದು, ಹೇಳಿದರೆ ಮುಂದಿನ ಸಲ ತಿದ್ದಿಕೊಳ್ಳುತ್ತಾರೆ.

ದೊಡ್ಡ ಕಾಟ ಎಣಿಕೆಯದ್ದು. ಹುಡುಗರ ತುಟಿ ಅಲುಗಾಡುತ್ತದೆ, ಗೊತ್ತಾಗುತ್ತದೆ. ಜಪ ಮಾಡಿ ಅಭ್ಯಾಸವಾದ ಅಜ್ಜಿಯ ಹೆಬ್ಬೆರಳು ಸೆರಗಿನ ಮರೆಯಲ್ಲಿ ಒಂದೊಂದೇ ಬೆರಳಗೆಣ್ಣು ಮುಟ್ಟುತ್ತಾ ಹೋಗುತ್ತದೆ, ಮುಖದಲ್ಲಿ ಏನೂ ಕಾಣದು. ಆಗ ನೀವು ಅಳೆದದ್ದು ಕಾಲದ ಅಂದಾಜನ್ನಲ್ಲ, ಜಪದ ವೇಗವನ್ನು. ಇದಕ್ಕೆ ನಾನು 40 ಚೀಟಿಗಳಲ್ಲಿ ಒಂದೊಂದು ಅಂಕಿ ಬರೆದು ಕಲಸಿ, ಏರುಪೇರಾದ ಅಂತರದಲ್ಲಿ ಒಂದೊಂದೇ ಮುಂದಿಡುತ್ತೇನೆ. ಅವರು ಗಟ್ಟಿಯಾಗಿ ಓದುತ್ತಲೇ ನಿಮಿಷ ಅಂದಾಜಿಸಬೇಕು. ಗಮನ ಚೀಟಿಯ ಕಡೆ ಹೋಗುವುದರಿಂದ ಎಲ್ಲರ ನಿಮಿಷವೂ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಒಬ್ಬರಿಗೆ ಚೀಟಿ ಕೊಟ್ಟು ಇನ್ನೊಬ್ಬರಿಗೆ ಕೊಡದೆ ಹೋಲಿಸಬೇಡಿ.

ಅಳತೆಯನ್ನು ತಿರುಗುಮುರುಗಾಗಿ ಓದುವವರೇ ಹೆಚ್ಚು. 75 ಸೆಕೆಂಡಿಗೆ ‘ಆಯ್ತು’ ಅಂದರೆ ‘ಇವರಿಗೆ ಕಾಲ ನಿಧಾನ’ ಎಂದು ಬರೆದುಬಿಡುತ್ತಾರೆ. ನಿಧಾನವಾಗಿರುವುದು ಒಳಗಿನ ಗಡಿಯಾರ; ಅದು ಒಂದು ನಿಮಿಷ ತೋರಿಸುವಷ್ಟರಲ್ಲಿ ಹೊರಗೆ 75 ಸೆಕೆಂಡು ಕಳೆದಿದೆ. ಅಂಥವರಿಗೆ ಹೊರಗಿನ ಕಾಲವೇ ಓಡಿದಂತೆ ಕಾಣುತ್ತದೆ. ಅದೇ ವ್ಯಕ್ತಿಗೆ 75 ಸೆಕೆಂಡು ಕಾಯಿಸಿ ‘ಎಷ್ಟು ಹೊತ್ತಾಯ್ತು?’ ಎಂದರೆ ‘ಒಂದು ನಿಮಿಷ’ ಅನ್ನಬೇಕು. ಎರಡೂ ಉತ್ತರ ಹೊಂದದಿದ್ದರೆ ಮತ್ತೆ ಮಾಡಿ.

ಇನ್ನು ವರ್ಷಗಳ ಮಾತು. 10 ವರ್ಷದವನಿಗೆ ಒಂದು ವರ್ಷ ಬದುಕಿನ ಹತ್ತನೇ ಒಂದು ಪಾಲು, 50ರವನಿಗೆ ಐವತ್ತನೇ ಒಂದು ಪಾಲು ಎಂಬ ಲೆಕ್ಕ ಫ್ರಾನ್ಸಿನ ತತ್ವಜ್ಞಾನಿ ಪಾಲ್ ಜಾನೆಯದು, 1877ರದ್ದು. ಲೆಕ್ಕ ಚೆಂದವಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಅದು ನಿಜವಾದರೆ ವಾರ, ತಿಂಗಳುಗಳೂ ಮುದುಕರಿಗೆ ಹಾರಬೇಕಿತ್ತು. 2005ರಲ್ಲಿ ಸಂಶೋಧಕರಾದ ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ 14ರಿಂದ 94 ವಯಸ್ಸಿನ 499 ಜನರನ್ನು ‘ಎಷ್ಟು ಬೇಗ ಕಳೆಯಿತು?’ ಎಂದು ಕೇಳಿದಾಗ ವಾರ, ತಿಂಗಳು, ವರ್ಷಗಳಲ್ಲಿ ವಯಸ್ಸಿನ ಅಂತರ ಹೇಳಿಕೊಳ್ಳುವಷ್ಟು ಸಿಗಲಿಲ್ಲ. ‘ಕಳೆದ ಹತ್ತು ವರ್ಷ’ ಎಂದು ಕೇಳಿದಾಗಲೇ ಅದು ಎದ್ದು ಕಂಡದ್ದು.

ಹಾಗಾಗಿ ಮನೆಯಲ್ಲೂ ದೊಡ್ಡ ಅವಧಿಗಳನ್ನೇ ಕೇಳಬೇಕು. ‘ಕಾಲ ಓಡ್ತಿದೆಯಾ?’ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದರ ಬದಲು ದಿನಾಂಕ ಗೊತ್ತಿರುವ ಘಟನೆಗಳನ್ನಿಟ್ಟು ‘ಎಷ್ಟು ವರ್ಷವಾಯ್ತು?’ ಎಂದು ಕೇಳುತ್ತೇನೆ: ಡಾ. ರಾಜ್‌ಕುಮಾರ್ ಅಪಹರಣ (ಜುಲೈ 2000), ಸುನಾಮಿ (ಡಿಸೆಂಬರ್ 2004), ರಾಜ್ ನಿಧನ (ಏಪ್ರಿಲ್ 2006), ನೋಟು ರದ್ದತಿ (ನವೆಂಬರ್ 2016), ಪುನೀತ್ ನಿಧನ (ಅಕ್ಟೋಬರ್ 2021). ಐದು ಸೆಕೆಂಡಿನೊಳಗೆ ಉತ್ತರ ಬರಬೇಕು. ಹಳೆಯ ಘಟನೆಗಳು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಹತ್ತಿರಕ್ಕೆ ಜಾರುತ್ತವೆ.

ಹೊತ್ತು ಕೊಟ್ಟರೆ ‘ಆಗ ಮಗಳು ಎಂಟನೇ ಕ್ಲಾಸು, ಅಂದರೆ...’ ಎಂದು ಲೆಕ್ಕ ಶುರುವಾಗುತ್ತದೆ. ಆ ಉತ್ತರ ಸರಿಯಾಗಿಯೇ ಇರುತ್ತದೆ, ಆದರೆ ಅದು ಶಾಲೆಯ ಲೆಕ್ಕ. ಅದನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಮೊದಲ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ನಮಗೆ ಬೇಕಾದದ್ದು. ಲಾಕ್‌ಡೌನ್ ಮಾತ್ರ ಪಟ್ಟಿಗೆ ಸೇರಿಸಬೇಡಿ. 2020ರದ್ದೋ 2021ರದ್ದೋ ಎಂಬುದರಲ್ಲೇ ಮನೆಮಂದಿಯೆಲ್ಲ ಜಗಳಕ್ಕಿಳಿಯುತ್ತಾರೆ, ಅಷ್ಟರಲ್ಲಿ ಉಳಿದ ಘಟನೆಗಳ ಉತ್ತರವೂ ಒಬ್ಬರಿಂದೊಬ್ಬರಿಗೆ ಸೋರಿಹೋಗಿರುತ್ತದೆ.