ಅತ್ತೆ ಮಾವನ ಜೊತೆ ಹಳ್ಳಿ ಪಬ್ಬಿಗೆ

"ನಾಳೆ ಪಬ್ಬಿಗೆ ಹೋಗೋಣ" ಅಂದ ಕೂಡಲೇ ಅತ್ತೆಯ ಮುಖ ಬಿಗಿಯಿತು. ಅವರ ಲೆಕ್ಕದಲ್ಲಿ ಅದು ಹಗಲಲ್ಲೂ ಕತ್ತಲೆ ತುಂಬಿರುವ, ಹೆಂಗಸರು ತಲೆ ತಗ್ಗಿಸಿ ದಾಟಿ ಹೋಗುವ ಬಾರ್. ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗೋದಾ? "ಊರಲ್ಲಿ ಯಾರಿಗೂ ಹೇಳಬೇಡ" ಅಂತ ಮೊದಲೇ ಮಾತು ತೆಗೆದುಕೊಂಡರು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಲಂಡನ್ ಸುತ್ತಿ ಸಾಕಾಗಿದ್ದ ಮಾವ, ಇಲ್ಲಿನ ಹಳ್ಳಿ ನೋಡಬೇಕು ಅಂದಿದ್ದರು. ಅಂಗಡಿಯೂ ಇಲ್ಲ, ಅಂಚೆ ಕಚೇರಿಯೂ ಇಲ್ಲ ಅನ್ನುವ ಎಷ್ಟೋ ಹಳ್ಳಿಗಳಲ್ಲಿ ಜನ ಸೇರುವ ಜಾಗ ಅಂತ ಉಳಿದಿರುವುದು ಪಬ್ ಒಂದೇ. ಹಾಗಾಗಿ ನನಗೆ ಬೇರೆ ದಾರಿ ತೋಚಲಿಲ್ಲ.

ಕುಡಿಯುವ ಆಸೆ ನನ್ನ ಗಂಡನದು, ಸ್ಟೀರಿಂಗ್ ನನ್ನದು. ಒಂದು ಮಿತಿಯವರೆಗೆ ಕುಡಿದು ಓಡಿಸಲು ಇಲ್ಲಿನ ಕಾನೂನು ಬಿಡುತ್ತದೆ. ನಾನು ಬಿಡುವುದಿಲ್ಲ. ದಿನವಿಡೀ ನನಗೆ ಲೈಮ್ ಅಂಡ್ ಸೋಡಾ.

ಮೊದಲು ಹೋಗಿದ್ದು ಆಲ್ಡ್‌ವರ್ತ್‌ನ 'ದಿ ಬೆಲ್ ಇನ್'ಗೆ. ಪ್ಯಾಂಗ್‌ಬೋರ್ನ್ ದಾಟಿ, ಸ್ಟ್ರೀಟ್ಲಿಯಲ್ಲಿ ಗುಡ್ಡ ಹತ್ತಿದರೆ ಸಿಗುತ್ತದೆ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ. 200 ವರ್ಷಕ್ಕೂ ಹೆಚ್ಚು ಕಾಲದಿಂದ ಒಂದೇ ಮನೆತನದವರು ನಡೆಸುತ್ತಿದ್ದಾರೆ. ಒಳ್ಳೆ ಬಿಯರ್ ಉಳಿಯಲಿ ಅಂತ ಕೆಲಸ ಮಾಡುವ ಕ್ಯಾಮ್ರಾ ಅನ್ನುವ ಸಂಘ, ಇಡೀ ದೇಶದ ಒಳ್ಳೆಯ ಪಬ್ ಅಂತ ಇದನ್ನು 1990ರಲ್ಲೂ 2019ಕ್ಕೂ ಆರಿಸಿತ್ತು. ಒಳಗೆ ಹೋದರೆ ಬಾರ್ ಕೌಂಟರ್ ಅನ್ನುವುದೇ ಇಲ್ಲ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ, ಅಷ್ಟೆ. ರೈಲ್ವೆಯಲ್ಲಿ ಸವೆದ ಮಾವ ಅದನ್ನು ನೋಡಿದವರೇ, "ಇದು ಅರಸೀಕೆರೆ ಜಂಕ್ಷನ್ನಿನ ಹಳೇ ಟಿಕೆಟ್ ಕಿಟಕಿ ಅಲ್ವಾ!" ಅಂದರು. ತಾವೇ ಹೋಗಿ ಕಿಂಡಿಯ ಮುಂದೆ ನಿಂತರು.

ಇಲ್ಲಿ ದೊಡ್ಡ ಊಟ ಇಲ್ಲ. ಬಿಸಿ ಬನ್ನಿನೊಳಗೆ ಏನಾದರೂ ತುಂಬಿ ಕೊಡುತ್ತಾರೆ. ನಮಗೆ ಚೀಸ್. ಅತ್ತೆ ಚೀಲದಿಂದ ಚಟ್ನಿಪುಡಿ ತೆಗೆದರು. ನಾನು ಸುಮ್ನೆ ಬೇರೆ ಕಡೆ ನೋಡಿದೆ. ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಪೇಪರ್ ಓದುತ್ತಾ ಕೂತಿದ್ದರು, ಕಾಲ ಬಳಿ ನಾಯಿ ಮಲಗಿತ್ತು. ಅತ್ತೆಯ ಹೆಗಲು ಸಡಿಲವಾಗಿದ್ದು ಆಗಲೇ.

ಗಂಡನ ಕೈಯಲ್ಲಿ ಒಂದು ಪೈಂಟ್, ಅಂದರೆ 568 ಮಿಲಿ. ಪೀಪಾಯಿಯಿಂದ ಕೊಡುವ ಏಲ್ ಅನ್ನುವ ಇಲ್ಲಿನ ಬಿಯರ್ ನಮ್ಮ ಕಡೆಯ ಬಿಯರಿನಂತೆ ಐಸ್ ಥರ ತಣ್ಣಗಿರುವುದಿಲ್ಲ, ನೆಲಮಾಳಿಗೆಯ ತಂಪು ಮಾತ್ರ. ಅರ್ಧ ಕುಡಿದ ಮೇಲೆ ನಾನು ಮೆಲ್ಲಗೆ ಕಿವಿಯಲ್ಲಿ ಹೇಳಿದೆ: ಇಂಥ ಏಲ್ ತಿಳಿಯಾಗಲಿ ಅಂತ ಹಳೇ ಪದ್ಧತಿಯಲ್ಲಿ ಐಸಿಂಗ್ಲಾಸ್ ಹಾಕುತ್ತಾರೆ. ಅದು ಒಣಗಿಸಿದ ಮೀನಿನ ಗಾಳಿಚೀಲ. ಯೀಸ್ಟನ್ನೆಲ್ಲ ತಳಕ್ಕೆ ಎಳೆದುಕೊಂಡು ಹೋಗುತ್ತದೆ. ಮೊಟ್ಟೆಯನ್ನೂ ತಿನ್ನದ ನನ್ನ ಗಂಡ ಗ್ಲಾಸು ಕೆಳಗಿಟ್ಟ. ಒಂದು ನಿಮಿಷ ಅದನ್ನೇ ನೋಡಿದ. ಮತ್ತೆ ಎತ್ತಿಕೊಂಡ. "ಏನಂತೆ?" ಅಂದರು ಅತ್ತೆ. "ಏನಿಲ್ಲಮ್ಮ." ಅದನ್ನು ಹಾಕದ ಬ್ರೂವರಿಗಳೂ ಈಗ ಬೇಕಾದಷ್ಟಿವೆ. ಮೊದಲೇ ಕೇಳಿ ತೆಗೆದುಕೊಂಡರೆ ಆಯಿತು.

ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಸೇಂಟ್ ಮೇರಿ ಚರ್ಚ್. ಒಳಗೆ ಡ ಲಾ ಬೆಷ್ ಮನೆತನದವರ ಒಂಬತ್ತು ಕಲ್ಲಿನ ವಿಗ್ರಹಗಳು ಮಲಗಿವೆ, 14ನೇ ಶತಮಾನದವು. ಕೆಲವಂತೂ ಏಳಡಿಗೂ ಉದ್ದ. ಊರವರು ಇವುಗಳಿಗೆ ಜಾನ್ ಲಾಂಗ್, ಜಾನ್ ಸ್ಟ್ರಾಂಗ್ ಅಂತೆಲ್ಲ ಹೆಸರಿಟ್ಟಿದ್ದರು. ಜಾನ್ ಎವರ್ ಅಫ್ರೇಡ್ ಅಂತ ಇನ್ನೊಬ್ಬನ ಕಥೆಯಿದೆ. ಸದಾ ಹೆದರುವವನು. ಚರ್ಚಿನ ಒಳಗೆ ಹೂತರೂ ಹೊರಗೆ ಹೂತರೂ ತನ್ನ ಆತ್ಮ ನಿನ್ನದೇ ಅಂತ ಸೈತಾನನಿಗೆ ಮಾತು ಕೊಟ್ಟಿದ್ದನಂತೆ. ಕೊನೆಗೆ ಗೋಡೆಯಲ್ಲೇ ಹೂಳಿಸಿಕೊಂಡು ತಪ್ಪಿಸಿಕೊಂಡನಂತೆ!

"ಹಿರಣ್ಯಕಶಿಪು ಕಥೆ ಉಲ್ಟಾ ಆಯ್ತಲ್ಲ" ಅಂದರು ಮಾವ. "ಅವನು ಒಳಗೂ ಅಲ್ಲ ಹೊರಗೂ ಅಲ್ಲ ಅನ್ನೋ ಜಾಗದಲ್ಲಿ ಸತ್ತ. ಇವನು ಅಲ್ಲೇ ಉಳಿದುಕೊಂಡ." ಮಕ್ಕಳಿಗೆ ನರಸಿಂಹನ ಕಥೆ ಪೂರ್ತಿ ಅಲ್ಲೇ ಆಯಿತು, ಗರ್ಜನೆ ಸಮೇತ. ಪುಣ್ಯಕ್ಕೆ ಚರ್ಚಿನಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ಪ್ಲ್ಯಾನ್ ಕೆಟ್ಟಿದ್ದು ಇಲ್ಲೇ. ಎರಡನೇ ಪಬ್ಬಿನಲ್ಲಿ ಸರಿಯಾದ ಊಟ ಅಂದುಕೊಂಡಿದ್ದೆ. ತಲುಪಿದ್ದು ಎರಡೂ ಮುಕ್ಕಾಲಿಗೆ. ಅಡುಗೆಮನೆ ಎರಡೂವರೆಗೇ ಬಂದ್. ಕ್ರಿಸ್ಪ್ಸ್, ಅಂದರೆ ನಮ್ಮ ಆಲೂ ಚಿಪ್ಸ್ ಪೊಟ್ಟಣ ಬಿಟ್ಟರೆ ಏನೂ ಇಲ್ಲ. ಚಿಕ್ಕವನು ಅಳಲು ಶುರುಮಾಡಿದ. ಆಗ ಅತ್ತೆಯ ಚೀಲ ಮತ್ತೆ ತೆರೆಯಿತು, ಕಾರಿನಲ್ಲಿ ಕೂತು ಎಲ್ಲರೂ ಚಕ್ಕುಲಿ, ಕೋಡುಬಳೆ ಮುಗಿಸಿದೆವು. ಈಗ ಮನೆ ಬಿಡುವ ಮೊದಲೇ ಫೋನ್ ಮಾಡುತ್ತೇನೆ: ಅಡುಗೆಮನೆ ಎಷ್ಟು ಗಂಟೆಯವರೆಗೆ, ಮಾಂಸವಿಲ್ಲದ್ದು ಏನಿದೆ, ಮಕ್ಕಳು ಯಾವ ಕೋಣೆಯಲ್ಲಿ ಕೂರಬಹುದು. ದೊಡ್ಡವರ ಜೊತೆ ಬರುವ ಮಕ್ಕಳಿಗೆ ಕಾನೂನಿನ ಅಡ್ಡಿ ಇಲ್ಲ. ಆದರೆ ಒಂದೊಂದು ಪಬ್ಬಿನ ನಿಯಮ ಒಂದೊಂದು.

ಆಮೇಲೆ ಗೋರಿಂಗ್‌ನಲ್ಲಿ ಥೇಮ್ಸ್ ದಡದಲ್ಲಿ ನಡೆದೆವು. ಅಲ್ಲಿ ಲಾಕ್ ಇದೆ, ನೀರು ತುಂಬಿಸಿ ಖಾಲಿ ಮಾಡಿ ದೋಣಿ ದಾಟಿಸುವ ಬಾಗಿಲಿನ ಕಟ್ಟೆ. ಅದರಲ್ಲಿ ದೋಣಿ ಏರುವುದು ಇಳಿಯುವುದನ್ನು ನೋಡುತ್ತಾ ಮಕ್ಕಳಿಗೆ ಹಸಿವು ಮರೆತೇಹೋಯಿತು.

ರಾತ್ರಿ ಅತ್ತೆ ತಂಗಿಗೆ ಫೋನ್ ಮಾಡಿದರು. "ಎಲ್ಲೂ ಇಲ್ಲಮ್ಮ, ಒಂದು ಹಳೇ ಚರ್ಚಿಗೆ ಹೋಗಿದ್ವಿ." ಸೋಫಾದ ಮೇಲಿಂದ ಮಾವ ಕೂಗಿದರು: "ಟಿಕೆಟ್ ಕಿಟಕಿ ವಿಷಯ ಹೇಳು!"