ಕಮೆಂಡ್ ಅನ್ನೋ ಪದಾನ ಯಾರಿಗೆ, ಹೇಗೆ ಬಳಸೋದು

ನನ್ ತಂಗಿ ಒಂದು ಆಸ್ಪತ್ರೇಲಿ ಸ್ಟಾಫ್ ನರ್ಸ್. ಅವರ ವಾರ್ಡಿನ ಹಿರಿಯ ಡಾಕ್ಟ್ರು ರಿಟೈರ್ ಆಗ್ತಿದ್ರು, ಎಲ್ರೂ ಸೇರಿ ಒಂದು ಕಾರ್ಡ್ ಕೊಡೋಣ ಅಂತಾಗಿ ಬರೆಯೋ ಕೆಲಸ ಇವಳ ಪಾಲಿಗೆ ಬಂತು. ಬರೆದಿದ್ದನ್ನ ಫೋಟೊ ತೆಗೆದು ವಾಟ್ಸಾಪಲ್ಲಿ ಕಳ್ಸಿ "ಅಣ್ಣಾ ಒಂದ್ಸಲ ನೋಡ್ಬಿಡು, ಸಂಜೆನೇ ಕೊಡ್ಬೇಕು" ಅಂದ್ಲು. "ಡಿಯರ್ ಸರ್, ವಿ ಕಮೆಂಡ್ ಯು ಫಾರ್ ಯುವರ್ ಸರ್ವಿಸ್" ಅಂತಿತ್ತು. ಗ್ರಾಮರ್ ಸರಿ, ಸ್ಪೆಲಿಂಗ್ ಸರಿ, ಡಿಕ್ಷನರಿ ತೆಗೆದು ನೋಡಿದ್ರೆ ಕಮೆಂಡ್ ಅಂದ್ರೆ ಹೊಗಳು, ಶ್ಲಾಘಿಸು, ಪ್ರಶಂಸಿಸು ಅಂತಾನೇ ಇರುತ್ತೆ. ಆದ್ರೂ ಆ ಸಾಲು ಬೇಡಮ್ಮ, ಬದಲಾಯ್ಸು ಅಂದೆ.

ಯಾಕಂದ್ರೆ ಕಮೆಂಡ್ ಅನ್ನೋದು ಬರೀ ಹೊಗಳಿಕೆ ಅಲ್ಲ. ಒಬ್ಬರ ಕೆಲಸ ನೋಡಿ, ಅಳೆದು ತೂಗಿ, ಇದು ಮೆಚ್ಚೋಂಥದ್ದು ಅಂತ ತೀರ್ಪು ಹೇಳೋದು. ಹಂಗೆ ಹೇಳೋರಿಗೆ ಒಂದು ಸ್ಥಾನ ಇರ್ಬೇಕಾಗುತ್ತೆ, ಹೆಡ್‌ಮಾಸ್ಟ್ರು ಹುಡುಗನ ಬಗ್ಗೆ, ಸಾಹೇಬ್ರು ಸಿಬ್ಬಂದಿ ಬಗ್ಗೆ, ಜಡ್ಜು ಸ್ಪರ್ಧಿ ಬಗ್ಗೆ. ನಮ್ಮ ಸೇನೇಲಿ ಚೀಫ್ ಆಫ್ ಆರ್ಮಿ ಸ್ಟಾಫ್ ಕಮೆಂಡೇಶನ್ ಕಾರ್ಡ್ ಅಂತ ಒಂದು ಗೌರವ ಇದೆಯಲ್ಲ, ಅದನ್ನ ಮುಖ್ಯಸ್ಥರು ತಮ್ಮ ಕೈಕೆಳಗಿನೋರಿಗೆ ಕೊಡ್ತಾರೆ, ಕೆಳಗಿಂದ ಮೇಲಕ್ಕೆ ಹೋಗಲ್ಲ. ಈಗ ಕನ್ನಡದಲ್ಲೇ ಯೋಚ್ನೆ ಮಾಡಿ, ತಲೆ ನೆರೆಯೋ ತನಕ ಸರ್ವಿಸ್ ಮಾಡಿದ ಡಾಕ್ಟ್ರ ಬೆನ್ನು ತಟ್ಟಿ "ಶಭಾಷ್ ಸರ್, ಚೆನ್ನಾಗಿ ಮಾಡಿದ್ರಿ" ಅಂತ ಮೊನ್ನೆ ಮೊನ್ನೆ ಸೇರಿದ ಹುಡುಗಿ ಹೇಳ್ತಾಳಾ? ಬಾಯಿಗೇ ಬರಲ್ಲ. ಇಂಗ್ಲಿಷಲ್ಲಿ ಆ ಹಿಂಜರಿಕೆ ನಮಗೆ ತಾನಾಗೇ ಬರಲ್ಲ, ಅದನ್ನ ಕಲೀಬೇಕು. ಕಾರ್ಡಲ್ಲಿ ಕೊನೆಗೆ "ವಿ ಲರ್ನ್ಡ್ ಸೋ ಮಚ್ ಫ್ರಮ್ ಯು, ಥ್ಯಾಂಕ್ ಯು ಸರ್" ಅಂತ ಹಾಕಿದ್ವಿ. ದೊಡ್ಡೋರಿಗೆ ಕೃತಜ್ಞತೆನೇ ಚೆಂದ.

ಈ ಪದದ ಬೇರು ಗೊತ್ತಾದ್ರೆ ಬಳಕೆ ಇನ್ನೂ ಸಲೀಸು. ಲ್ಯಾಟಿನ್ನಿನ ಕಮೆಂಡಾರೆ ಅನ್ನೋದ್ರಿಂದ ಬಂದಿದೆ, ಅಂದ್ರೆ ನಂಬಿ ಒಬ್ಬರ ವಶಕ್ಕೆ ಕೊಡೋದು. ರೆಕಮೆಂಡ್, ಕಮಾಂಡ್, ಮ್ಯಾಂಡೇಟ್ ಎಲ್ಲ ಇದೇ ಮನೆಯೋವು. 1611ರ ಇಂಗ್ಲಿಷ್ ಬೈಬಲ್ಲಲ್ಲಿ, ಲೂಕನ ಸುವಾರ್ತೇಲಿ, ಶಿಲುಬೆ ಮೇಲಿರೋ ಯೇಸು ತನ್ನ ಆತ್ಮಾನ ತಂದೆ ಕೈಗೆ ಒಪ್ಪಿಸ್ತೀನಿ ಅನ್ನೋ ಜಾಗದಲ್ಲಿ ಇರೋದು ಇದೇ ಕಮೆಂಡ್. ಅಲ್ಲಿ ಹೊಗಳಿಕೆ ಅನ್ನೋ ಅರ್ಥಾನೇ ಇಲ್ಲ. ನನಗೆ ಇದು ಮನಸ್ಸಿಗೆ ಹತ್ರ ಆಗಿದ್ದು ನಮ್ಮ ಒಪ್ಪು, ಒಪ್ಪಿಸು ಅನ್ನೋ ಜೋಡಿ ನೆನಪಾದಾಗ. ಒಪ್ಪೋದು ಅಂದ್ರೆ ಸರಿಯಾಗಿದೆ ಅಂತ ಮೆಚ್ಚೋದು, ಒಪ್ಪಿಸೋದು ಅಂದ್ರೆ ಇನ್ನೊಬ್ಬರ ಕೈಗೆ ಕೊಡೋದು. ಕಮೆಂಡ್‌ನಲ್ಲಿ ಎರಡೂ ಇದೆ. ನಾನು ಒಪ್ಪಿದೀನಿ, ನೀವೂ ಇವರನ್ನ ಗಮನಿಸಿ ಅಂತ ಮೂರನೇಯವರ ಮುಂದೆ ಇಡೋದು.

ಹಾಗಾಗಿ ಈ ಪದ ಚೆನ್ನಾಗಿ ಕೂರೋದು ಎದುರಿಗಿರೋರಿಗೆ ಹೇಳುವಾಗ ಅಲ್ಲ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ.

ವಾಕ್ಯ ಕಟ್ಟೋದು ಕಷ್ಟ ಏನಿಲ್ಲ. ಕಮೆಂಡ್ ಆದ್ಮೇಲೆ ವ್ಯಕ್ತಿ, ಆಮೇಲೆ ಫಾರ್, ಆಮೇಲೆ ಮಾಡಿದ ಕೆಲಸ: "ದ ಪ್ರಿನ್ಸಿಪಾಲ್ ಕಮೆಂಡೆಡ್ ಹರ್ ಫಾರ್ ಹೆಲ್ಪಿಂಗ್ ದ ಜೂನಿಯರ್ಸ್". ಫಾರ್ ಬದಲು ಆನ್ ಕೂಡ ನಡೆಯುತ್ತೆ, "ಕಮೆಂಡೆಡ್ ಹಿಮ್ ಆನ್ ಹಿಸ್ ವರ್ಕ್" ಅಂತ. ಆದ್ರೆ ಕನ್ನಡದ "ಬಗ್ಗೆ" ತಲೇಲಿ ಇಟ್ಕೊಂಡು ಕಮೆಂಡ್ ಅಬೌಟ್ ಅಂತ ಬರೀಬೇಡಿ, ಅದು ತಪ್ಪು. ಕಮೆಂಡ್ ದಟ್ ಅಂತ ಶುರು ಮಾಡಿ ಪೂರ್ತಿ ವಾಕ್ಯ ಸೇರ್ಸೋದೂ ಬೇಡ. ಪ್ಲಾನ್, ಐಡಿಯಾ ಇಂಥವಕ್ಕೆ "ಹ್ಯಾಸ್ ಮಚ್ ಟು ಕಮೆಂಡ್ ಇಟ್" ಅಂತಾರೆ, ಒಪ್ಪೋಕೆ ಬೇಕಾದಷ್ಟು ಕಾರಣ ಇದೆ ಅಂತ. ಕಮೆಂಡಬಲ್ ಅಂದ್ರೆ ಮೆಚ್ಚತಕ್ಕದ್ದು.

ಹೈಲಿ ಕಮೆಂಡೆಡ್ ಅಂತ ಒಂದು ಬರುತ್ತೆ, ಇದ್ರಲ್ಲಿ ನಮ್ಮೋರು ಎಡವೋದು ಜಾಸ್ತಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸೋ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದ ಇಯರ್ ಸ್ಪರ್ಧೇಲಿ ಈ ಹೆಸರಲ್ಲಿ ಕೆಲವು ಫೋಟೊ ಆರಿಸ್ತಾರೆ. ಅದು ಗೆದ್ದೋರ ಪಟ್ಟಿ ಅಲ್ಲ, ಆದ್ರೆ ತೀರ್ಪುಗಾರರು ವಿಶೇಷವಾಗಿ ಮೆಚ್ಚಿದ್ದು, ಅದೂ ದೊಡ್ಡ ಗೌರವಾನೇ. ಅದನ್ನ ಪ್ರಥಮ ಬಹುಮಾನ ಅಂತ ಬರೆದ್ರೆ ಸುಳ್ಳಾಗುತ್ತೆ, ಬರೀ ಸಮಾಧಾನಕರ ಬಹುಮಾನ ಅಂದ್ರೆ ಫೋಟೊ ತೆಗೆದೋರಿಗೆ ಅನ್ಯಾಯ ಆಗುತ್ತೆ. "ತೀರ್ಪುಗಾರರ ವಿಶೇಷ ಮೆಚ್ಚುಗೆ" ಅನ್ನಿ, ಸಾಕು.

ಅಕ್ಕಪಕ್ಕದ ಪದಗಳ ಬಗ್ಗೆ ಒಂದೆರಡು ಮಾತು. ಸೀರೆ ಚೆನ್ನಾಗಿದೆ, ಸಾರು ಚೆನ್ನಾಗಿದೆ ಅಂತ ಎದುರಿಗೇ ಹೇಳೋದು ಕಾಂಪ್ಲಿಮೆಂಟ್, ಅಲ್ಲಿ ಕಮೆಂಡ್ ತಂದ್ರೆ ಊಟದ ಮನೆ ಆಫೀಸಾಗ್ಬಿಡುತ್ತೆ. ಪ್ರೇಸ್ ಎಲ್ಲಾ ಕಡೆ ಆಗುತ್ತೆ, ದೇವರಿಗೂ ಮಗುವಿಗೂ. ಲಾಡ್ (laud) ಅಂದ್ರೂ ಹೊಗಳೋದೇ, ಅದು ಪೇಪರ್ ಹೆಡ್‌ಲೈನಲ್ಲಿ ಕಾಣ್ಸುತ್ತೆ, ಮಾತಲ್ಲಿ ಕಮ್ಮಿ. ಅಪ್ರಿಶಿಯೇಟ್ ವಿಷ್ಯದಲ್ಲಿ ಸ್ವಲ್ಪ ಹುಷಾರು. "ಮಿಸ್ ಅಪ್ರಿಶಿಯೇಟೆಡ್ ಮಿ" ಅಂದ್ರೆ ಮಿಸ್ ಹೊಗಳಿದ್ರು ಅಂತ ನಮ್ಮಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಆದ್ರೆ ಹೊರದೇಶದೋರು ಅದನ್ನ ನನ್ನ ಬೆಲೆ ಅವರಿಗೆ ಗೊತ್ತಿತ್ತು ಅಂತ ತಗೋತಾರೆ, ಬಾಯ್ಬಿಟ್ಟು ಹೊಗಳಿದ್ರು ಅಂತ ಅವರಿಗೆ ಹೊಳೆಯಲ್ಲ. ಕೆಲಸದ ಅಪ್ಲಿಕೇಶನಲ್ಲಿ "ನನ್ನ ಮ್ಯಾನೇಜರ್ ನನ್ನನ್ನ ಮೆಚ್ಚಿದ್ರು" ಅಂತ ಬರೀಬೇಕಾದಾಗ "ಐ ವಾಸ್ ಕಮೆಂಡೆಡ್ ಬೈ ಮೈ ಮ್ಯಾನೇಜರ್ ಫಾರ್" ಅಂತ ಶುರು ಮಾಡಿ ಯಾವ ಕೆಲಸಕ್ಕೆ ಅಂತ ಹೇಳಿ. ಆಗ ಗೊಂದಲಾನೇ ಇರಲ್ಲ.

ನಾನೇ ಮನಸಾರೆ ಈ ಪದ ಬಳಸಿದ್ದು ಅಮ್ಮ ಆಸ್ಪತ್ರೇಲಿದ್ದಾಗ. ಆಪರೇಶನ್ ಆದ ರಾತ್ರಿ ಅಮ್ಮಂಗೆ ನಿದ್ದೆ ಬರ್ದೆ ಒದ್ದಾಡ್ತಿದ್ರು, ನೈಟ್ ಡ್ಯೂಟಿ ನರ್ಸೊಬ್ರು ಪ್ರತಿ ಅರ್ಧ ಗಂಟೆಗೊಂದ್ಸಲ ಬಂದು ಹೊದಿಕೆ ಸರಿ ಮಾಡಿ, ತುಟಿಗೆ ಒದ್ದೆ ಹತ್ತಿ ಒತ್ತಿ, "ಇನ್ನೇನ್ ಬೆಳಗಾಗುತ್ತೆ ಅಜ್ಜಿ" ಅಂತ ಹೇಳಿ ಹೋಗೋರು. ಡಿಸ್ಚಾರ್ಜ್ ದಿನ ಫೀಡ್‌ಬ್ಯಾಕ್ ಫಾರ್ಮ್ ಕೊಟ್ರು. ಅದ್ರಲ್ಲಿ ಗುಡ್, ವೆರಿ ಗುಡ್ ಅಂತ ಟಿಕ್ ಹಾಕಿದ್ರೆ ಆ ನರ್ಸ್ ಹೆಸರು ಎಲ್ಲೂ ಹೋಗಲ್ಲ. ಅದಕ್ಕೆ ಹಿಂದ್ಗಡೆ ಖಾಲಿ ಜಾಗದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಅಂತ ಬರೆದೆ: "ಐ ವುಡ್ ಲೈಕ್ ಟು ಕಮೆಂಡ್", ಆಮೇಲೆ ಅವರ ಹೆಸರು, ಆಮೇಲೆ "ಫಾರ್ ದ ಕೇರ್ ಶಿ ಗೇವ್ ಮೈ ಮದರ್ ಆನ್ ದ ನೈಟ್ ಆಫ್ ಹರ್ ಸರ್ಜರಿ", ಕೆಳಗೆ ತಾರೀಕು, ವಾರ್ಡ್ ನಂಬರ್, ಮತ್ತೆ ಆ ಒದ್ದೆ ಹತ್ತಿ ವಿಷ್ಯ ಒಂದು ಸಾಲು.

ಇಲ್ಲಿ ನಾನು ಅವರಿಗೆ ಮೇಲಿನೋನಲ್ಲ, ಆದ್ರೆ ಕಣ್ಣಾರೆ ಕಂಡೋನು, ಅದನ್ನ ಅವರ ಮೇಲಿನೋರ ಗಮನಕ್ಕೆ ತರ್ತಿದೀನಿ, ಹಾಗಾಗಿ ಪದ ಸರಿಯಾಗಿ ಕೂತ್ಕೊಂಡ್ತು. ನೀವೂ ಬರೆಯೋದಾದ್ರೆ ಒಳ್ಳೆಯವರು, ನಗ್ತಾ ಮಾತಾಡ್ಸ್ತಾರೆ ಅಂತ ಪೋಣಿಸ್ತಾ ಹೋಗೋ ಬದಲು ಅವರು ಮಾಡಿದ ಒಂದೇ ಒಂದು ಕೆಲಸ ಬರೀರಿ, ಓದೋರಿಗೆ ನಂಬಿಕೆ ಬರೋದು ಅದ್ರಿಂದ. ಸ್ಪೆಲಿಂಗಲ್ಲಿ ಎಮ್ ಎರಡು, ಕೊನೇಲಿ ಡಿ, ಟಿ ಹಾಕಿದ್ರೆ ಕಾಮೆಂಟ್ ಆಗ್ಬಿಡುತ್ತೆ. ಹೆಸರು ಮಾತ್ರ ಕೇಳಿ ಬರ್ಕೋಬೇಡಿ, ಅವರ ಐಡಿ ಕಾರ್ಡ್ ನೋಡಿ ಬರ್ಕೊಳ್ಳಿ, ಒಂದೇ ವಾರ್ಡಲ್ಲಿ ಅದೇ ಹೆಸರಿನೋರು ಇಬ್ರು ಮೂವರು ಇರ್ತಾರೆ.